ಅಂಧೇರಿಯಲ್ಲಿ ಇಳಿಯುವವರು

ಮುಂಬೈಯ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರಿಗೆ ಬುದ್ಧಿ ಹೇಳಲು ಹೋಗಬಾರದು. ವಾರಿಜಾಳಿಗಂತೂ ಹೇಳಲೇಬಾರದು.

ಆವತ್ತು ಮರೀನ್ ಲೈನ್ಸ್ ಹತ್ತಿರದ ಮೈದಾನದಲ್ಲಿ ಕಾಲೇಜುಗಳ ಕಬಡ್ಡಿ ಪಂದ್ಯವಿತ್ತು. ವಾರಿಜಾಳ ಎಂಟು ವರ್ಷದ ಮಗಳು ಲಾವಣ್ಯಾ ಹಟ ಹಿಡಿದು ಅಮ್ಮನನ್ನು ಜೋಗೇಶ್ವರಿಯ ಮನೆಯಿಂದ ಅಲ್ಲಿಯವರೆಗೆ ಎಳೆದು ತಂದಿದ್ದಳು. ಆಡುವವಳು ಅವರದೇ ಬಿಲ್ಡಿಂಗಿನ ಮಾಧುರಿ. ಮೇಲಿನ ಮಹಡಿಯ ಶರಣವ್ವನ ಮಗಳು, ವಿಜಯಪುರದ ಕಡೆಯವರು, ಕಾಲೇಜು ತಂಡದಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗುವ ರೈಡರ್. ಬಿಲ್ಡಿಂಗಿನ ಮಕ್ಕಳ ಲೆಕ್ಕದಲ್ಲಿ ಅವಳು ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಹೆತ್ತವರಿಗಿಂತ ಬಹಳ ಮೇಲೆ. ಹೆತ್ತವಳಾದ ವಾರಿಜಾಳಿಗೆ ಇದು ಅಷ್ಟಾಗಿ ಸೇರುತ್ತಿರಲಿಲ್ಲ.

ಮಾಧುರಿಯ ತಂಡ ಪಂದ್ಯ ಗೆದ್ದಿತು, ಉಳಿದವರು ಟೆಂಪೋ ಹತ್ತಿ ಹೊರಟರು. ಮಾಧುರಿ ಮಾತ್ರ ಹೊರಡಲಿಲ್ಲ. ನೋಡಲು ಬಂದಿದ್ದ ಪುಟ್ಟ ಹುಡುಗಿಯರೆಲ್ಲ ಮ್ಯಾಟಿನ ಪಕ್ಕ ಸಾಲು ನಿಂತಿದ್ದರು. ಒಬ್ಬೊಬ್ಬರಾಗಿ ಕಬಡ್ಡಿ ಕಬಡ್ಡಿ ಎನ್ನುತ್ತ ಬಂದು ಅವಳನ್ನು ಮುಟ್ಟಿ ಓಡುವರು. ಅವಳು ಹಿಡಿಯಲು ಹೋದಂತೆ ಮಾಡಿ ದೊಪ್ಪನೆ ಬೀಳುವಳು. ಬಿದ್ದ ಪ್ರತಿ ಸಲವೂ ಒಂದೊಂದು ಮಗು ತಾನೇ ಗೆದ್ದೆನೆಂದು ಕುಣಿಯುತ್ತಿತ್ತು.

"ಸೊಂಟ ಮುರೀತದೆ ಮಾರಾಯ್ತಿ, ಹೊರಡುವ," ಎಂದಳು ವಾರಿಜಾ.

"ಇನ್ನ ಸಣ್ಣವ್ರು ಸಾಲಿನ್ಯಾಗ ಅದಾರ್ರಿ ಆಂಟಿ. ಅವ್ರ ಪಾಳಿ ಬರೂತನ ನಿಂದ್ರಬೇಕಲ್ರಿ."

ಎಲ್ಲರ ಪಾಳಿ ಮುಗಿಯುವಷ್ಟರಲ್ಲಿ ಆಫೀಸುಗಳು ಬಿಟ್ಟಿದ್ದವು. ಆ ಹೊತ್ತಿಗೆ ಸೀಟು ಬೇಕೆಂದರೆ ಮುಂಬೈಯವರು 'ರಿಟರ್ನ್' ಮಾಡುತ್ತಾರೆ. ಅಂದರೆ ಕೊನೆಯ ಸ್ಟೇಶನ್ನಾದ ಚರ್ಚ್‌ಗೇಟಿಗೆ ಹೋಗುವ ಲೋಕಲ್ಲನ್ನು ಹಿಂದಿನ ಸ್ಟೇಶನ್ನಿನಲ್ಲೇ ಹತ್ತಿ ಕೂತು, ಎದ್ದೇಳದೆ ಅದರಲ್ಲೇ ತಿರುಗಿ ಬರುವುದು. ವಾರಿಜಾ ಮರೀನ್ ಲೈನ್ಸ್‌ನಲ್ಲಿ ಅದನ್ನೇ ಮಾಡಿದಳು. ಲೇಡೀಸ್ ಡಬ್ಬಿಯ ಕಿಟಕಿ ಸಿಕ್ಕಿತು, ಮಾಧುರಿಯ ತೊಡೆಯ ಮೇಲೆ ಲಾವಣ್ಯಾ, ವಾರಿಜಾಳ ಮಡಿಲಲ್ಲಿ ಮಾಧುರಿಯ ಬ್ಯಾಗು. ಚರ್ಚ್‌ಗೇಟಿನಲ್ಲಿ ನೋಡಿದರೆ ಅದು ದೂರದ ವಿರಾರಿಗೆ ಹೋಗುವ ಫಾಸ್ಟ್ ಗಾಡಿ. ಜೋಗೇಶ್ವರಿಯಲ್ಲಿ ನಿಲ್ಲುವುದೇ ಇಲ್ಲ.

"ಆಂಟಿ, ವಿರಾರ್ ಗಾಡಿ ಬ್ಯಾಡ್ರಿ. ದೂರ ಹೋಗವ್ರು ನಡುವ ಇಳಿಯವ್ರನ್ನ ಬಿಡಂಗಿಲ್ಲ. ಸ್ಲೋ ಹಿಡಿಯೂನ್ರಿ."

"ಕೂತ ಸೀಟು ಬಿಡ್ಲಿಕ್ಕೆ ನನಗೆಂತ ಮರುಳಾ? ಅಂಧೇರಿಯಲ್ಲಿ ನಿಲ್ತದೆ. ಇಳಿದು ರಿಕ್ಷಾ ಹಿಡಿಯುವ."

ದಾದರ್‌ನಲ್ಲಿ ಡಬ್ಬಿ ತುಂಬಿತು. ಬಾಂದ್ರಾದಲ್ಲಿ ಕಾಲೂರಲು ಜಾಗವಿರಲಿಲ್ಲ. ಎದ್ದು ಬಾಗಿಲ ಕಡೆ ಸರಿಯಬೇಕು, ಆದರೆ ಸರಿಯುವುದೆಲ್ಲಿಗೆ?

"ಅಂಧೇರಿವಾಲಿ ವಿರಾರ್ ಮೇ ಕಾಯ್ಕೋ ಚಢ್ತೀ ಹೈ?" ಎಂದು ಯಾರೋ ಅಂಧೇರಿಗೆ ವಿರಾರ್ ಗಾಡಿ ಹತ್ತಿದ್ದಕ್ಕೆ ಗದರಿದರು. ಯಾರದೋ ಮೊಣಕೈ ಪಕ್ಕೆಗೆ ತಿವಿಯಿತು. ಮಾಧುರಿ ಲಾವಣ್ಯಾಳ ಕೈ ಹಿಡಿದು ಮುಂದೆ ನುಗ್ಗುತ್ತಿದ್ದಳು. ವಾರಿಜಾ ಬ್ಯಾಗನ್ನು ಎದೆಗವಚಿಕೊಂಡು ಹಿಂದೆಯೇ ಸಿಕ್ಕಿಬಿದ್ದಳು.

ಅಂಧೇರಿ ಬಂತು. ಇಳಿಯುವವರಿಗಿಂತ ಮೊದಲು ಹತ್ತುವವರು ಒಳಗೆ ಬಿದ್ದರು. ಆ ನೂಕಿನಲ್ಲಿ ಮಾಧುರಿಯ ಹಿಡಿತದಿಂದ ಮಗುವಿನ ಕೈ ತಪ್ಪಿತು. ಚಿಕ್ಕ ಮೈಯ ಲಾವಣ್ಯಾ ಜನರ ತೋಳುಗಳಡಿ ನುಸುಳಿ ಪ್ಲಾಟ್‌ಫಾರ್ಮಿಗೆ ಇಳಿದದ್ದು ವಾರಿಜಾಳಿಗೆ ಕಿಟಕಿಯಿಂದ ಕಂಡಿತು. ಮಗು ತಿರುಗಿ ನಿಂತು ಅಮ್ಮನನ್ನು ಹುಡುಕುತ್ತಿತ್ತು. ಗಾಡಿ ಹೊರಟಿತು.

"ಲಾವಣ್ಯಾ!" ವಾರಿಜಾ ಕಿರುಚಿದಳು. ಬಾಗಿಲ ಹತ್ತಿರ ಮಾಧುರಿಯ ನೀಲಿ ಜೆರ್ಸಿ ಒಮ್ಮೆ ಕಂಡು ಮಾಯವಾಯಿತು. ಮರುಗಳಿಗೆಯೇ ಹೆಂಗಸರು ಕೂಗಿಕೊಂಡರು. "ಗಿರ್ ಗಯೀ! ಗಿರ್ ಗಯೀ!"

ಯಾರು ಬಿದ್ದದ್ದು? ಪ್ಲಾಟ್‌ಫಾರ್ಮಿನ ಮೇಲೋ, ಕೆಳಗೋ? ಯಾರೂ ಸರಿಯಾಗಿ ನೋಡಿರಲಿಲ್ಲ. ಚೈನು ಎಳೆಯಿರಿ ಎಂದು ಅಂಗಲಾಚಿದಳು. ಅದು ಇದ್ದ ಕಡೆಗೆ ಯಾರ ಕೈಯೂ ಹೋಗಲಿಲ್ಲ. ಮಾಧುರಿಗೆ ಫೋನ್ ಹಚ್ಚಿದಳು. ರಿಂಗಾದದ್ದು ಅವಳ ಎದೆಯ ಮೇಲೆಯೇ, ಆ ಬ್ಯಾಗಿನೊಳಗೆ.

ಮುಂದಿನ ನಿಲುಗಡೆ ಬೋರಿವಲಿ. ಜೋಗೇಶ್ವರಿ ಕಿಟಕಿಯಾಚೆ ಸರ್ರನೆ ಹೋಯಿತು. ಊರಿನ ದೈವಕ್ಕೆ ಹರಕೆ ಹೇಳಲು ಹೊರಟರೆ ಮಾತು ಮಗಳ ಹೆಸರಿನಲ್ಲೇ ನಿಂತುಬಿಡುತ್ತಿತ್ತು. ಮಗಳೊಬ್ಬಳೇ ಅಲ್ಲ, ಶರಣವ್ವನ ಮಗಳೂ ಅಲ್ಲಿದ್ದಾಳೆ ಎಂಬುದು ಆಗ ನೆನಪಾಯಿತು. ಬೋರಿವಲಿಯಲ್ಲಿ ಇಳಿದು ಎದುರು ಗಾಡಿ ಹತ್ತಿದ್ದು ಹೇಗೆಂದು ಅವಳಿಗೇ ಗೊತ್ತಾಗಲಿಲ್ಲ.

ಅಂಧೇರಿಯಲ್ಲಿ ಜನರನ್ನು ತಳ್ಳಿಕೊಂಡು ಓಡಿದಳು. ಲೇಡೀಸ್ ಡಬ್ಬಿ ನಿಲ್ಲುವಲ್ಲಿ, ಕಂಬಕ್ಕೆ ಒರಗಿ ಮಾಧುರಿ ನೆಲದಲ್ಲಿ ಕೂತಿದ್ದಳು. ಮೊಣಕೈ ತರಚಿ ರಕ್ತ ಒಸರುತ್ತಿತ್ತು, ಬಿಚ್ಚಿದ ಶೂ ಪಕ್ಕದಲ್ಲಿತ್ತು, ಕಾಲಿನ ಹರಡು ಊದಿತ್ತು. ಮಡಿಲಲ್ಲಿ ಲಾವಣ್ಯಾ ಬಿಸ್ಕತ್ತು ತಿನ್ನುತ್ತಿದ್ದಳು. ವಾರಿಜಾ ಕುಸಿದು ಮಗಳನ್ನು ಅಪ್ಪಿಕೊಂಡಳು.

"ಮಮ್ಮಿ, ಅಕ್ಕಾ ಚಲ್ತೀ ಗಾಡಿಯಿಂದ ಹಾರಿದ್ಲು! ಏಕ್‌ದಮ್ ರೈಡ್ ಥರಾ! ನಾನೂ ಕಲೀತೇನೆ!" ಲಾವಣ್ಯಾಳ ಕಣ್ಣು ಹೊಳೆಯುತ್ತಿತ್ತು.

ಅಷ್ಟು ಹೊತ್ತು ನಗುನಗುತ್ತ ಮಗುವನ್ನು ಸುಮ್ಮನಿರಿಸಿದ್ದ ಮಾಧುರಿಯ ಮುಖ ಬಿಳಿಚಿತು. ಅವಳು ಲಾವಣ್ಯಾಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇಲ್ಲ ಪುಟ್ಟಿ. ನಾ ಹಾರ್ಲಿಲ್ಲ, ಬಿದ್ನಿ. ಇನ್ನೊಂದೀಟು ಆಚೆ ಬಿದ್ದಿದ್ರ ಗಾಡಿ ಕೆಳಗ ಹೋಗ್ತಿದ್ನಿ. ನನಗ ಭಾಳ ಅಂಜಿಕಿ ಬಂದಿತ್ತು. ಈಗ್ಲೂ ಬರ್ತೈತಿ. ನೋಡಿಲ್ಲೆ, ಕೈ ಹೆಂಗ ನಡಗಾಕತ್ತೈತಿ." ಹೇಳುತ್ತ ಹೇಳುತ್ತ ಅಳತೊಡಗಿದಳು. ತನ್ನ ಮಾಧುರಿ ಅಕ್ಕ ಅಳುವುದನ್ನು ಲಾವಣ್ಯಾ ಕಂಡದ್ದು ಅದೇ ಮೊದಲು. ಬಿಸ್ಕತ್ತು ಕೆಳಗಿಟ್ಟು ಆ ನಡುಗುವ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಮೈದಾನದಲ್ಲಿ ಹುಸಿಯಾಗಿ ಬೀಳುತ್ತಿದ್ದ ಹುಡುಗಿ ನಿಜಕ್ಕೂ ಬಿದ್ದದ್ದನ್ನು ಮಗುವಿನಿಂದ ಮುಚ್ಚಿಡಲಿಲ್ಲವಲ್ಲ ಎಂದುಕೊಂಡಳು ವಾರಿಜಾ. ಇವಳೂ ಮಗುವೇ. ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

"ಅವ್ವಗ ಹೇಳಬ್ಯಾಡ್ರಿ ಆಂಟಿ," ಎಂದಳು ಮಾಧುರಿ ಬಿಕ್ಕುತ್ತ. "ಗೊತ್ತಾದ್ರ ಆಟ ಬಿಡಸ್ತಾಳ."

"ಹೇಳುದಿಲ್ಲ," ಎಂದುಬಿಟ್ಟಳು ವಾರಿಜಾ.

ರಿಕ್ಷಾ ಬಿಲ್ಡಿಂಗಿನ ಮುಂದೆ ನಿಂತಾಗ ಶರಣವ್ವ ಕೆಳಗೇ ನಿಂತಿದ್ದಳು. ಕುಂಟುವ ಮಗಳನ್ನು ಕಂಡು ಓಡಿ ಬಂದು ಮೆಟ್ಟಿಲ ಮೇಲೆ ಕೂರಿಸಿ, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಏನಾತವಾ?"

"ಆಟದಲ್ಲಿ ಉಳುಕಿದ್ದು," ಎಂದಳು ವಾರಿಜಾ.

ಶರಣವ್ವ ಊದಿದ ಹರಡನ್ನು ಮೆಲ್ಲಗೆ ಸವರಿದಳು. ಆಮೇಲೆ ತಲೆಯೆತ್ತಿ, "ಪುಣ್ಯಾಕ ನೀವು ಸಂಗಾಟ ಇದ್ರಿ ವಾರಿಜಕ್ಕ," ಎಂದಳು. "ಹೊತ್ತಾತು, ಫೋನ್ ಎತ್ತವಲ್ಲಳು. ಆದ್ರೂ ನಿಮ್ಮ ಕೈಯಾಗ ಕೊಟ್ಟೀನಲ್ಲಾ ಅಂತ ನಾ ಒಂದೀಟೂ ಅಂಜಲಿಲ್ಲ ನೋಡ್ರಿ."

ವಾರಿಜಾ ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ನಿಂತಳು.