ಬೇಲಿಯ ಹೊರಗೆ ಕೂತ ಹುಹಾನಾ

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ನಮ್ಮ ಮಾವೋರಿ ಹೆಂಗಸರಲ್ಲಿ ಒಂದು ಕಟ್ಟುಪಾಡಿದೆ. ಮುಟ್ಟಾದವಳು ಚಾಪೆ ಹೆಣೆಯುವ ನಾರುಗಿಡವನ್ನು ಕೊಯ್ಯುವಂತಿಲ್ಲ. ಅವಳು ಗಿಡಗಳ ಸುತ್ತಲಿನ ಬೇಲಿಯ ಹೊರಗೆ ಕೂರುತ್ತಾಳೆ. ಯಾರೂ ಏನೂ ಕೇಳುವುದಿಲ್ಲ, ಚಹಾ ಕೊಡುತ್ತೇವೆ, ಅಷ್ಟೆ.

ಊರಿನ ಸಭಾಮನೆಗೆ ಹೊಸ ಚಾಪೆಗಳು ಬೇಕಿದ್ದವು. ನಾರುಗಿಡ ಕೊಯ್ಯಲು ಒಂಬತ್ತು ಜನ ಹೊಳೆದಂಡೆಗೆ ಹೋಗಿದ್ದೆವು. ನನ್ನ ಗೆಳತಿ ಹುಹಾನಾ ಬೇಲಿಯ ಹತ್ತಿರವೇ ಕೂತುಬಿಟ್ಟಳು.

"ನಾನಿವತ್ತು ಕೊಯ್ಯಲ್ಲ ಕಣೇ ಪಾರೆ."

ಚಹಾ ಬಗ್ಗಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಹುಹಾನಾಗೆ ಐವತ್ತೆಂಟು. ಮೊಮ್ಮಗಳು ಹುಟ್ಟಿದ ವರ್ಷವೇ ಅವಳಿಗೆ ಮುಟ್ಟು ನಿಂತಿತ್ತು. ಆ ಮಗು ಈಗ ಶಾಲೆಗೆ ಹೋಗುತ್ತಿದೆ.

"ನಿನಗೆ ನಿಂತು ಆರು ವರ್ಷ ಆಯ್ತಲ್ಲೇ?"

"ಮತ್ತೆ ಬಂದಿದೆ. ಹರೆಯ ವಾಪಸ್ ಬಂತು ಅಂತ ಕಾಣುತ್ತೆ, ಒಂದು ಗಂಡು ನೋಡು."

ಹೋದ ತಿಂಗಳೂ ಅವಳು ಅಲ್ಲೇ ಕೂತಿದ್ದಳು. ಅದರ ಹಿಂದಿನ ತಿಂಗಳೂ. ಎರಡು ಸಲವೂ ಏನೂ ಕೇಳದೆ ಚಹಾ ಕೊಟ್ಟವಳು ನಾನೇ.

ನನ್ನ ತಂಗಿಯ ಮಗಳು ಟಿರಿಯಾ ಕ್ಲಿನಿಕ್ಕಿನಲ್ಲಿ ನರ್ಸ್. ಅವಳು ಚಾಕು ಕೆಳಗಿಟ್ಟು ಬಂದಳು.

"ಆಂಟಿ, ನಿಂತ ಮುಟ್ಟು ಹೀಗೆ ವಾಪಸ್ ಬರಲ್ಲ. ಗರ್ಭಕೊರಳಿನ ಕ್ಯಾನ್ಸರ್ ಇರಬಹುದು, ಬೇರೆ ಏನಾದ್ರೂ ಇರಬಹುದು. ಡಾಕ್ಟರ್ ನೋಡ್ಲೇಬೇಕು."

"ನೋವೇ ಇಲ್ವಲ್ಲ. ಹನ್ನೆರಡು ವರ್ಷದ ಹಿಂದೆ ಒಂದ್ಸಲ ಆ ಪರೀಕ್ಷೆಗೆ ಹೋಗಿದ್ದೆ. ಆ ಡಾಕ್ಟರ್ ನನ್ನ ಮುಖಾನೂ ನೋಡ್ಲಿಲ್ಲ. ತಣ್ಣನೆ ಕಬ್ಬಿಣ ಹಾಕಿ ಮುಗಿಸ್ದ. ಇನ್ನು ಯಾರ ಮುಂದೆಯೂ ಮಲಗಲ್ಲ ಅಂತ ಅವತ್ತೇ ಅಂದ್ಕೊಂಡೆ."

"ನಿಮ್ಮ ಸಿಟ್ಟು ಸರಿ. ಆದ್ರೆ ನ್ಯೂಜಿಲೆಂಡಲ್ಲಿ ಬಿಳಿ ಹೆಂಗಸರಿಗಿಂತ ನಮಗೇ ಈ ರೋಗ ತಡವಾಗಿ ಗೊತ್ತಾಗೋದು. ಸಾಯೋದೂ ನಾವೇ ಜಾಸ್ತಿ. ನಮ್ಮ ರಕ್ತ ಕೆಟ್ಟದ್ದು ಅಂತಲ್ಲ. ಕ್ಲಿನಿಕ್ ದೂರ, ಅಲ್ಲಿ ಮರ್ಯಾದೆಯಾಗಿ ಮಾತಾಡ್ಸೋರು ಕಮ್ಮಿ, ಅದಕ್ಕೆ ನಾವೂ ಹೋಗಲ್ಲ." ಅವಳು ನಮ್ಮ ಕಡೆ ತಿರುಗಿದಳು. "ಐದು ವರ್ಷದೊಳಗೆ ಗರ್ಭಕೊರಳಿನ ಪರೀಕ್ಷೆ ಮಾಡಿಸ್ಕೊಂಡೋರು ಕೈ ಎತ್ತಿ ನೋಡೋಣ."

ಎದ್ದದ್ದು ಒಂದೇ ಕೈ, ಅದು ಟಿರಿಯಾಳದೇ. ನನ್ನದು ಮಡಿಲಲ್ಲೇ ಇತ್ತು.

ಹುಹಾನಾ ಮೆತ್ತಗಾದಳು. "ಹತ್ತಿಕಡ್ಡಿ ಕೊಡ್ತೀರಂತಲ್ಲ, ನಾವೇ ಒಳಗೆ ಸವರಿ ಪರೀಕ್ಷೆಗೆ ಕೊಡೋದು. ಅದನ್ನ ಕೊಡು ಸಾಕು."

"ಅದು ಏನೂ ತೊಂದರೆ ಕಾಣದೆ ಇರೋರಿಗೆ, ಆಂಟಿ. ರಕ್ತ ಹೋಗ್ತಿದ್ರೆ ಅದೊಂದೇ ಸಾಲಲ್ಲ. ಹೆಣ್ಣು ಡಾಕ್ಟರ್ ಇದ್ದಾರೆ. ನಾನೇ ಕರ್ಕೊಂಡು ಹೋಗ್ತೀನಿ."

ಹುಹಾನಾ ನನ್ನ ಮುಖ ನೋಡಿದಳು. "ನೀನೂ ಬರ್ತೀಯಾ?"

"ಮೊದಲು ಎದ್ದೇಳು," ಅಂದೆ.

ಅದು ಗರ್ಭಕೊರಳಿನ ಕ್ಯಾನ್ಸರೇ ಆಗಿತ್ತು. ದೂರ ಹರಡಿಲ್ಲ ಅಂದರು. ಚಿಕಿತ್ಸೆ ನಡೆಯುತ್ತಿದೆ, ಅವಳ ಬೈಗುಳಕ್ಕೇನೂ ಕಮ್ಮಿಯಿಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳೂ ನಾವು ಉಳಿದವರೂ ಕ್ಲಿನಿಕ್ಕಿಗೆ ಹೋಗಿ, ಪರದೆಯ ಹಿಂದೆ ಹತ್ತಿಕಡ್ಡಿಯಿಂದ ನಾವೇ ಮಾದರಿ ತೆಗೆದು ಪರೀಕ್ಷೆಗೆ ಕೊಟ್ಟು ಬಂದೆವು. ಎರಡು ನಿಮಿಷದ ಕೆಲಸ.

ನನಗೆ ಇನ್ನೂ ಅರಗದ್ದು ಒಂದಿದೆ. ಮೂರು ತಿಂಗಳು ಅವಳು ನಮ್ಮ ಕಣ್ಣೆದುರೇ ಬೇಲಿಯ ಹೊರಗೆ ಕೂತಿದ್ದಳು. ಗಿಡಕ್ಕೆ ಮೈಲಿಗೆಯಾಗಲಿಲ್ಲ ಅಂತ ನಾವು ನೆಮ್ಮದಿಯಾಗಿದ್ದೆವು.

ಅಕ್ಕತಂಗಿಯರೇ, ಇದನ್ನು ಓದಿದ ಮೇಲೆ ನಿಮ್ಮ ಪಕ್ಕದವಳನ್ನು ಕೇಳಿ, ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ ಅಂತ. ನೀವೂ ಮಾಡಿಸಿ. ಮುಟ್ಟು ನಿಂತವಳಿಗೆ ಒಂದು ಹನಿ ರಕ್ತ ಕಂಡರೂ ಕೈ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಚಹಾ ಆಮೇಲೆ ಕುಡಿದರಾಯಿತು.