ಷಡ್ಡಕರ ತಗಡಿನ ಜೋಡಿ

ಕನ್ನಡಕದ ಅಂಗಡಿಯವನಿಗೂ ಅವನ ಷಡ್ಡಕ ಡ್ರಾಯಿಂಗ್ ಮೇಷ್ಟ್ರಿಗೂ ಮಾತು ನಿಂತದ್ದು ಒಂದು ತಗಡಿನ ಹಡಗಿನ ದೆಸೆಯಿಂದ. ಇಬ್ಬರಿಗೂ ಹಳೇ ಆಟಿಕೆಗಳ ಹುಚ್ಚು. ಕೀಲಿ ಕೊಟ್ಟರೆ ಓಡುವ ಬಸ್ಸು, ಕುಪ್ಪಳಿಸುವ ಕಪ್ಪೆ, ಡೋಲು ಬಡಿಯುವ ಕರಡಿ ಯಾವ ಮೂಲೆಯಲ್ಲಿ ಮುರಿದು ಬಿದ್ದಿದ್ದರೂ ಇವರ ಮೂಗಿಗೆ ವಾಸನೆ ಬಡಿಯುತ್ತಿತ್ತು. ರಿಪೇರಿಯ ವಿಷಯಕ್ಕೆ ಬಂದರೆ ಮಾತ್ರ ಎಣ್ಣೆ ಸೀಗೇಕಾಯಿ. ತುಕ್ಕು ತೆಗೆ, ಎಣ್ಣೆ ಬಿಡು, ಸ್ಪ್ರಿಂಗ್ ಸರಿಮಾಡು, ಆದರೆ ಹಳೇ ಬಣ್ಣ ಮುಟ್ಟಬೇಡ ಎನ್ನುವವನು ನಮ್ಮ ಕನ್ನಡಕದವನು. ಮೇಷ್ಟ್ರಿಗೋ ಕೈಗೆ ಕುಂಚ ಸಿಕ್ಕರೆ ಲೋಕ ಮರೆತೇ ಹೋಗುತ್ತಿತ್ತು. ‘ಹಾಯಿಕಂಬ ಅಂಟಿಸಿ ಕೊಡಿ’ ಎಂದು ಇವನು ಒಪ್ಪಿಸಿದ್ದ ಹಡಗನ್ನು ಅವರು ಹೊಸ ಬಕೆಟ್ಟಿನಂತೆ ಫಳಫಳ ಮಾಡಿ ಕೊಟ್ಟಿದ್ದರು. ಅಂದಿನಿಂದ ಅಕ್ಕತಂಗಿಯರ ಬಳಕೆ ಮುಂದುವರಿದಿತ್ತು. ಗಂಡಂದಿರು ಮಾತ್ರ ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದರು.

ಹೀಗಿರುವಾಗ ಗುಜರಿ ಅಂಗಡಿಯ ಡಬ್ಬಿಗಳ ರಾಶಿಯಲ್ಲಿ ಇವನಿಗೊಬ್ಬಳು ತಗಡಿನ ನರ್ತಕಿ ಸಿಕ್ಕಿದಳು. ಗೇಣುದ್ದದ ಹೆಣ್ಣು, ಬಣ್ಣ ಸವೆದ ಲಂಗ, ಒಂದು ಕೆನ್ನೆಯಲ್ಲಷ್ಟೇ ಕೆಂಪು. ಕನ್ನಡಕದ ಕಡ್ಡಿ ಬಿಗಿಯುವ ಪುಟ್ಟ ಸ್ಕ್ರೂಡ್ರೈವರಿನಿಂದ ಬೆನ್ನು ಬಿಚ್ಚಿ, ಹತ್ತಿ ಸುತ್ತಿದ ಕಡ್ಡಿಯಿಂದ ಹಲ್ಲುಚಕ್ರಗಳ ಕೊಳೆ ಒರೆಸಿ, ತುಂಡಾಗಿದ್ದ ಸ್ಪ್ರಿಂಗಿನ ತುದಿಯನ್ನು ಕಾಯಿಸಿ ಬಗ್ಗಿಸಿದ. ಕೀಲಿ ತಿರುಗಿಸಿದರೆ ಗಿರ್ರನೆ ಸುತ್ತಿ ದೊಪ್ಪನೆ ಮಕಾಡೆ ಬಿದ್ದಳು. ಎತ್ತಿ ನಿಲ್ಲಿಸಿದ. ಮತ್ತೆ ಬಿದ್ದಳು. ಪಾದಕ್ಕೆ ಸೀಸ ಕಟ್ಟಿದರೂ ಅದೇ ಕತೆ.

ಅಂಗಡಿಗೆ ಊಟದ ಡಬ್ಬಿ ತಂದ ಹೆಂಡತಿ ಒಂದು ಗಳಿಗೆ ನೋಡಿದಳು. ನರ್ತಕಿಯ ಚಾಚಿದ ಅಂಗೈಯಲ್ಲೊಂದು ಕೊಕ್ಕೆ ಇತ್ತು, ಇನ್ನೊಂದು ಕೈಗೆ ಸಿಕ್ಕಿಸುವಂಥದ್ದು.

“ಅಯ್ಯೋ ರೀ, ಇವಳ ಗಂಡ ನಮ್ಮಕ್ಕನ ಮನೇಲಿದಾನೆ!”

ಅಕ್ಷರ ಓದುತ್ತ ಕೂತಿದ್ದ ಗಿರಾಕಿ ಪರೀಕ್ಷೆಯ ಗಾಜುಗಳ ಸಮೇತ ತಿರುಗಿದ. “ಯಾರ ಗಂಡ?”

“ಈ ಗೊಂಬೇದು. ನೀವು ಓದಿ.”

ಮೇಷ್ಟ್ರ ಮೆಟ್ಟಿಲು ಹತ್ತುವುದೇ ಎಂದು ಇವನ ಅಹಂಕಾರ ಸ್ವಲ್ಪ ಹೊತ್ತು ಸೆಟೆದುಕೊಂಡಿತ್ತು. ಆದರೆ ಜೋಡಿ ಇದೆ ಎಂದು ಗೊತ್ತಾದ ಮೇಲೆ ಸುಮ್ಮನಿರುವ ಗಂಡಸು ಅವನಲ್ಲ. ಸಂಜೆ ಬೇಗನೆ ಬಾಗಿಲೆಳೆದು, ನರ್ತಕಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೆಂಡತಿಯ ಹಿಂದೆ ಹೊರಟ.

“ಸೂರ್ಯ ಯಾವ ದಿಕ್ಕಲ್ಲಿ ಹುಟ್ಟಿದಾನಪ್ಪಾ ಇವತ್ತು!” ಎಂದಳು ಬಾಗಿಲು ತೆಗೆದ ಅತ್ತಿಗೆ. ಮೇಷ್ಟ್ರು ಕುಂಚ ಹಿಡಿದೇ ಹೊರಬಂದರು. ಟವೆಲ್ ಬಿಚ್ಚಿದ್ದೇ ತಡ, ಒಳಗೋಡಿ ತಮ್ಮ ತಗಡಿನ ಗಂಡನ್ನು ತಂದರು. ಹೊಳೆಯುವ ಕಪ್ಪು ಕೋಟು, ಕಾಲಡಿ ಗಾಲಿ, ಕೊರಳಿಗೊಂದು ದಾರ.

“ದಾರ ಯಾಕೆ ಮೇಷ್ಟ್ರೇ?”

“ಒಳಗೆ ಸ್ಪ್ರಿಂಗೇ ಇರ್ಲಿಲ್ಲ. ಎಳೆಯೋ ಆಟಿಕೆ ಅಂದ್ಕೊಂಡೆ.”

“ಮೀಸೆ?”

“ಮುಖ ಬೋಳಾಗಿತ್ತಪ್ಪ. ನಾನೇ ಬರೆದೆ.”

ಗೊಂಬೆಗಳ ಕೈಯೊಳಗೆ ಕೈ ಟಕ್ಕೆಂದು ಕೂತಿತು. ಕೀಲಿ ಕೊಟ್ಟರೆ ‘ಕರ್’ ಎಂದು ಕದಲದೆ ನಿಂತವು. ಗಂಡಿನ ಗಾಲಿಗಳು ಬಣ್ಣದಲ್ಲೇ ಅಂಟಿಹೋಗಿದ್ದವು. ಇವನ ನಾಲಗೆ ತುದಿಗೆ ಇಡೀ ಹಡಗಿನ ಕತೆ ಬಂದಿತ್ತು. ಹೆಂಡತಿ ಕಾಲು ತುಳಿದಳು. ನುಂಗಿಕೊಂಡ.

ಮೇಷ್ಟ್ರು ತಾವೇ ಬ್ಲೇಡು ಹಿಡಿದು ಕೂತರು. ಕೆರೆಯುತ್ತ ಕೆರೆಯುತ್ತ ತಲೆಯೆತ್ತದೆ ಹೇಳಿದರು: “ಗಾಲಿಗೆ ಬಣ್ಣ ಬೇಕಾಗಿರ್ಲಿಲ್ಲ... ಹಡಗಿಗೂ ಬೇಕಾಗಿರ್ಲಿಲ್ಲ ಅನ್ಸುತ್ತೆ.”

ಇವನು ಕೆರೆದ ಗಾಲಿಗಳಿಗೆ ಎಣ್ಣೆಯ ಹನಿ ಬಿಟ್ಟ.

ಈ ಸಲ ಜೋಡಿ ಎದ್ದಿತು ನೋಡಿ! ಅವನು ಉರುಳಿದರೆ ಅವಳು ತಿರುಗಿದಳು, ಅವಳು ತಿರುಗಿದರೆ ಅವನು ಬಾಗಿದ. ಸವೆದ ಲಂಗವೂ ಹೊಳೆಯುವ ಕೋಟೂ ಕಲಸಿಹೋಗಿ ಬರೀ ಬುಗುರಿಯೊಂದು ಮೇಜಿನ ತುಂಬ ಮೆರೆಯಿತು. ಪೆನ್ಸಿಲ್ ಡಬ್ಬಿ ಉರುಳಿತು, ಬಣ್ಣದ ನೀರು ಚೆಲ್ಲಿತು. “ಹಿಡೀರಿ, ಹಿಡೀರಿ!” ಎಂದು ಅಕ್ಕತಂಗಿಯರು ಕಿರುಚುವಷ್ಟರಲ್ಲಿ ಜೋಡಿ ಅಂಚು ದಾಟಿತು. ಷಡ್ಡಕರಿಬ್ಬರೂ ಒಟ್ಟಿಗೇ ಹಾರಿದರು. ತಲೆಗೆ ತಲೆ ಢೀ! ಮೇಷ್ಟ್ರು ನೆಲದ ಮೇಲೆ, ಇವನು ಮೇಷ್ಟ್ರ ಮೇಲೆ, ಇವನ ಅಂಗಿಯ ಮಡಿಲಲ್ಲಿ ಜೋಡಿ ಇನ್ನೂ ಗಿರಗಿರ ಎನ್ನುತ್ತಿತ್ತು. ಮೊದಲು ಅತ್ತಿಗೆ ನಕ್ಕಳು. ಆಮೇಲೆ ಯಾರು ಯಾರನ್ನು ಸುಮ್ಮನಾಗಿಸುವುದು? ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು, “ಏಳಯ್ಯಾ, ಉಸಿರು ಹೋಗ್ತಿದೆ!” ಎಂದು ಕಣ್ಣೊರೆಸಿಕೊಂಡರು.

ಜೋಡಿ ಯಾರ ಮನೆಯಲ್ಲಿರಬೇಕು ಎಂಬ ಜಟಾಪಟಿ ಆಮೇಲೆ ಶುರುವಾಯಿತು.

“ಹೆಣ್ಣಿನ ಕಡೆಯವರು ನಾವು. ಅವಳಿಗೆ ಒಂದು ತೊಟ್ಟು ಬಣ್ಣ ಬಿದ್ರೂ ವಾಪಸ್ ಕರ್ಕೊಂಡು ಹೋಗ್ತೀನಿ,” ಎಂದ ಇವನು.

“ಆಯ್ತು ಬೀಗರೇ. ಮೀಸೆ?”

“ಮೀಸೆ ಇರ್ಲಿ, ಅವಳಿಗೆ ಒಪ್ಪಿಗೆಯಾದಂಗಿದೆ.”

ಕೊನೆಗೆ ಜೋಡಿ ಮೇಷ್ಟ್ರ ಷೋಕೇಸಿನಲ್ಲಿ, ಕೀಲಿ ಇವನ ಜೇಬಿನಲ್ಲಿ ಎಂದು ಇತ್ಯರ್ಥವಾಯಿತು. ಕುಣಿತ ನೋಡಬೇಕೆಂದರೆ ಮೇಷ್ಟ್ರು ಇವನನ್ನು ಕರೆಯಲೇಬೇಕು. “ನಾಳೇನೇ ಬಾ,” ಎಂದುಬಿಟ್ಟರು ಮೇಷ್ಟ್ರು, ಗೇಟಿನವರೆಗೆ ಬಂದು.

ದಾರಿಯಲ್ಲಿ ಇವನ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಔಷಧಿ ಅಂಗಡಿಯ ದೀಪದ ಮುಂದೆ ಹೆಂಡತಿಯ ಕೈ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಸಿಯೇಬಿಟ್ಟ.

“ಅಯ್ಯೋ, ಬಿಡ್ರೀ! ಜನ ನೋಡ್ತಾರೆ!”

“ನೋಡ್ಲಿ ಬಿಡೇ. ಅರ್ಧ ಜನಕ್ಕೆ ಕನ್ನಡಕ ಕೊಟ್ಟೋನೇ ನಾನು.”

ಅವಳು ಅತ್ತಿತ್ತ ನೋಡಿದಳು, ಸೆರಗು ಬಿಗಿದುಕೊಂಡಳು, ತಾನೇ ಇನ್ನೊಂದು ಸುತ್ತು ತಿರುಗಿದಳು.