ಟ್ರೆಜೈಸರ ಟೈರು ಪರೀಕ್ಷೆ

ನೆವಿಲ್ ಟ್ರೆಜೈಸರಿಗೆ ನನ್ನ ಮುಖದ ಗುರುತು ಹತ್ತಿದ್ದು ಪರಿಚಯವಾದ ಮೂರನೆಯ ವರ್ಷದಲ್ಲಿ. ಅಲ್ಲಿಯವರೆಗೆ ಅವರು ನನ್ನನ್ನು ಗುರುತಿಸುತ್ತಿದ್ದದ್ದು ನನ್ನ ಗಾಡಿಯ ಮುಂದಿನ ಬಲಗಾಲಿಯ ಅಂಚು ಸವೆದಿದ್ದ ರೀತಿಯಿಂದ. ಮರುಭೂಮಿಯಂಚಿನ ನಮ್ಮೂರು ಪೋರ್ಟ್ ಆಗಸ್ಟಾದ ಪೇಟೆಬೀದಿಯಲ್ಲಿ ತಲೆ ತಗ್ಗಿಸಿ, ಎಡಕ್ಕೆ ತುಸು ವಾಲಿಕೊಂಡು, ಕಳೆದುಹೋದ ಉಂಗುರ ಹುಡುಕುವವರ ಹಾಗೆ ನಡೆದುಬರುತ್ತಿದ್ದ ಆ ನೀಳಕಾಯದ ವೃದ್ಧರು ನಿಂತ ಗಾಡಿಗಳ ಗಾಲಿಗಳನ್ನು ಒಂದೊಂದಾಗಿ ಅವಲೋಕಿಸುತ್ತ, "ಓ, ಔಷಧಿ ಅಂಗಡಿಯವನು ಬಂದಿದಾನೆ" ಎಂದು ನನ್ನ ಗಾಲಿಗೇ ಹೇಳಿ ಮುಂದೆ ಹೋಗಿಬಿಡುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ನಾನು ಅವರ ಪಾಲಿಗೆ ಯಾರೋ ದಾರಿಹೋಕ.

ಬಿಸಿಲು ನಲವತ್ತೆರಡು ಡಿಗ್ರಿ ದಾಟಲಿ, ಉತ್ತರದ ಮರಳುಗಾಳಿ ಊರನ್ನೆಲ್ಲ ಕೆಂಪಾಗಿಸಲಿ, ಅವರ ಮೈಮೇಲೆ ಮೊಣಕಾಲು ಮುಟ್ಟುವ ಬೂದುಬಣ್ಣದ ಕೋಟು ಇದ್ದೇ ಇರಬೇಕು. ಅದರ ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಗಾಳಿ ಅಳೆಯುವ ಮಾಪಕ, ಎದೆಯ ಜೇಬಿನಲ್ಲಿ ಪೆಪ್ಪರ್‌ಮಿಂಟು. ಯಾರೇ ಏನೇ ಕೇಳಿದರೂ "ನೋಡು, ಹೇಳ್ತೀನಿ" ಎಂದು ಶುರುಮಾಡಿ, ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೆ ಏನನ್ನೂ ಹೇಳದೆ ನಿಂತುಬಿಡುವ ದಿವ್ಯ ಮೌನ ಅವರದು. ಅವಸರದವರು ಅಷ್ಟರಲ್ಲಿ ಎದುರಿನ ಅಂಗಡಿ ಸೇರಿರುತ್ತಿದ್ದರು.

ಮರುಭೂಮಿಯ ಕಡೆ ಹೊರಟವರು ಅವರ ಟೈರು ಅಂಗಡಿಗೆ ಬಂದು "ಇರೋದ್ರಲ್ಲಿ ಒಳ್ಳೇ ಟೈರು ಕೊಡಿ" ಎಂದರೋ, ಮುಗಿಯಿತು ಕಥೆ. ಒಳ್ಳೆಯದು ಎನ್ನುವ ಟೈರನ್ನು ಯಾವ ಕಾರ್ಖಾನೆಯವರೂ ಮಾಡುವುದಿಲ್ಲ, ಎಲ್ಲಿಗೆ ಹೋಗುತ್ತೀಯ, ಏನು ಹೇರುತ್ತೀಯ, ಪಕ್ಕದಲ್ಲಿ ಯಾರು ಕೂರುತ್ತಾರೆ, ಮೊದಲು ಅದನ್ನು ಹೇಳು ಎಂದು ಪಾಠ ಆರಂಭವಾಗುತ್ತಿತ್ತು. ಗಾಡಿಯಲ್ಲಿದ್ದ ಸಾಮಾನನ್ನೆಲ್ಲ ಅಂಗಡಿಯ ಮುಂದೆ ಇಳಿಸಿ ಹರಡಿಸುತ್ತಿದ್ದರು. ತಿಂಡಿ ತಣ್ಣಗಿಡುವ ಪೆಟ್ಟಿಗೆ, ಡೇರೆ, ನೀರಿನ ಡಬ್ಬಗಳು, ಯಾರೂ ಎಂದೂ ಬಿಡಿಸದ ಮಡಚುಕುರ್ಚಿಗಳು, ಎಲ್ಲವೂ ಬೀದಿಗೆ. ನಾಲ್ಕು ಟೈರು ಕೇಳಿದವರಿಗೆ ಐದು ಕೊಳ್ಳುವಂತೆ ಹಟ ಹಿಡಿಯುತ್ತಿದ್ದರು. ಹೆಚ್ಚು ಮಾರುವ ಆಸೆಯಿಂದ ಅಲ್ಲ. ಹತ್ತು ವರ್ಷ ಗಾಡಿಯ ಬೆನ್ನಿಗೆ ನೇತಾಡಿ ಮರಗಟ್ಟಿದ ಹಳೆಯ ಸ್ಟೆಪ್ನಿ ಊರಿಂದ ಇನ್ನೂರು ಮೈಲಿ ಆಚೆಯೇ ಕೈಕೊಡುತ್ತದೆಂಬುದು ಅವರ ಸ್ವಾನುಭವ.

ಈ ಸಂಹಿತೆಯಲ್ಲಿ ಎಲ್ಲಕ್ಕಿಂತ ವಿಲಕ್ಷಣವಾದದ್ದು ಸವಾರಿ. ಕೆಸರಿಗೆಂದೇ ಮಾಡಿದ, ದಪ್ಪ ದಪ್ಪ ರಬ್ಬರ್ ಗಟ್ಟೆಗಳ ಟೈರು ತೊಡಿಸಿದ ಒಂದು ಹಳೆಯ ಗಾಡಿಯನ್ನು ಅವರು ಇದಕ್ಕಾಗಿಯೇ ಸಾಕಿಕೊಂಡಿದ್ದರು. ಅಂಥ ಟೈರಿಗೆ ಆಸೆಪಟ್ಟ ಗಂಡನನ್ನು ಚಾಲಕನ ಸೀಟಿನಲ್ಲೂ ಹೆಂಡತಿಯನ್ನು ಪಕ್ಕದಲ್ಲೂ ಕೂರಿಸಿ, ತಾವು ಹಿಂದೆ ಕುಳಿತು, ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಓಡಿಸಲು ಹೇಳುತ್ತಿದ್ದರು. ಡಾಂಬರಿನ ಮೇಲೆ ಆ ಗಟ್ಟೆಗಳ ಗುಂಯ್‌ಗಾನ ಆಕಾಶಕ್ಕೇರಿದಾಗ ಹೆಂಡತಿಗೆ ಏನಾದರೂ ಮಾತಾಡಲು ಹೇಳುವುದು, ಅವಳು ಏನಂದಳೆಂದು ಗಂಡನನ್ನು ಕೇಳುವುದು. ಇಷ್ಟೇ ಪರೀಕ್ಷೆ.

ಇದರ ಮೂಲವನ್ನು ನನಗೆ ಹೇಳಿದವರು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಅವರ ಮಡದಿ ಮೊರೀನ್. ಹರೆಯದಲ್ಲಿ ಇಬ್ಬರೂ ಇಂಥದೇ ಟೈರಿನ ಮೇಲೆ ನಲ್ಲರ್ಬಾರ್ ಬಯಲನ್ನು ದಾಟಿದ್ದರಂತೆ. ಮೂರು ದಿನದ ದಾರಿಯುದ್ದಕ್ಕೂ ಮೊರೀನ್ ಮಾತಾಡಿದರು, ಟ್ರೆಜೈಸರು ಹ್ಞೂಂಗುಟ್ಟಿದರು. ಊರಿಗೆ ಮರಳಿದ ಮೇಲೆ ನೋಡಿದರೆ, ತಮ್ಮ ಮೀನುದೋಣಿಯನ್ನು ಮಾರಲಿಕ್ಕೂ ಅತ್ತೆಯನ್ನು ಮನೆಗೆ ಕರೆತಂದು ಇಟ್ಟುಕೊಳ್ಳಲಿಕ್ಕೂ ಅವರು ಮನಸಾರೆ ಒಪ್ಪಿಯಾಗಿತ್ತು.

"ನಮ್ಮಮ್ಮ ಹನ್ನೊಂದು ವರ್ಷ ಇದ್ಲು," ಎಂದು ಮೊರೀನ್ ನಕ್ಕರು. "ಈ ಮುದುಕಪ್ಪ ಇವತ್ತಿಗೂ ತಪ್ಪೆಲ್ಲಾ ಟೈರಿಂದೇ ಅಂತಾನೆ."

ಡೆಸ್ ಲಸ್ಕಂ ಮತ್ತು ಅವರ ಮಡದಿ ಐಲೀನ್ ಬಂದ ದಿನ ನಾನು ಪಂಕ್ಚರ್ ಹಾಕಿಸಲು ಹೋಗಿ ಅಲ್ಲಿಯೇ ಕುಳಿತಿದ್ದೆ. ಡೆಸ್ ಆಗಷ್ಟೇ ನಿವೃತ್ತರಾಗಿದ್ದರು, ಆರು ತಿಂಗಳ ದೇಶಸಂಚಾರಕ್ಕೆ ಹೊರಟಿದ್ದರು. ಗೆಳೆಯರ ಬಳಗದಲ್ಲಿ ಎಲ್ಲರೂ ಹಾಕಿಸಿದ್ದಾರೆಂದು ಅವರಿಗೂ ಕೆಸರಿನ ಟೈರೇ ಬೇಕಿತ್ತು. ಗಾಡಿಗೆ ಗಂಡಸಿನ ಕಳೆ ಬರುತ್ತದಂತೆ! ಟ್ರೆಜೈಸರು ಪೆಪ್ಪರ್‌ಮಿಂಟು ಕರಗಿಸುತ್ತ ಐಲೀನರ ಕಡೆಗೇ ನೋಡುತ್ತಿದ್ದರು. ಆಕೆ ಎಲ್ಲದಕ್ಕೂ ಮುಗುಳ್ನಗುತ್ತಿದ್ದರು. ಯಾರು ಮಾತಾಡಿದರೂ ಅವರ ತುಟಿಯ ಮೇಲೇ ಕಣ್ಣಿಟ್ಟಿರುತ್ತಿದ್ದರು. ನನಗದು ಹೊಳೆಯಲಿಲ್ಲ. ಔಷಧಿ ಮಾರುವವನಾಗಿ ನನಗೆ ಹೊಳೆಯಬೇಕಿತ್ತು.

ಸವಾರಿ ಹೊರಟಿತು. ನನ್ನನ್ನೂ ರಟ್ಟೆ ಹಿಡಿದು ಹತ್ತಿಸಿಕೊಂಡರು. ವೇಗ ನೂರು ಮುಟ್ಟಿ ಗಾಡಿಯೆಲ್ಲ ಗುಂಯ್‌ಗುಟ್ಟತೊಡಗಿದಾಗ, ಟ್ರೆಜೈಸರು ಐಲೀನರ ಭುಜ ತಟ್ಟಿ, ಗಂಡನಿಗೆ ಏನಾದರೂ ಹೇಳಮ್ಮ ಎಂದು ಸನ್ನೆ ಮಾಡಿದರು. ಆಕೆ ಮುಖವನ್ನು ಅರ್ಧ ಹಿಂದಕ್ಕೆ ತಿರುಗಿಸಿ, ರಸ್ತೆಯನ್ನೇ ನೋಡುತ್ತಿದ್ದ ಗಂಡನಿಗೆ ಸಾವಕಾಶವಾಗಿ ಹೇಳಿದರು. ಸೀಟುಗಳ ನಡುವೆ ತಲೆ ತೂರಿಸಿ ಕುಳಿತಿದ್ದ ನಮ್ಮಿಬ್ಬರಿಗೆ ಮಾತ್ರ ಅದು ಕೇಳಿಸಿತು.

"ಇನ್ನೊಂದು ವರ್ಷ ಅಂದಿದಾರೆ ಡಾಕ್ಟ್ರು, ಡೆಸ್. ಆಮೇಲೆ ಈ ಕಿವಿಗೆ ಏನೂ ಕೇಳ್ಸಲ್ವಂತೆ. ಅಷ್ಟರೊಳಗೆ ನಿನ್ನ ಮಾತು ಕೇಳ್ಕೊಂಡು ಒಂದು ಸುತ್ತು ಹೋಗ್ಬರೋಣ ಅಂತಿತ್ತು ನಂಗೆ."

"ಹ್ಞೂಂ, ಹ್ಞೂಂ," ಎಂದರು ಡೆಸ್, ಸಂತೋಷವಾಗಿ.

ಟ್ರೆಜೈಸರ ಮುಖ ಸುಣ್ಣದಂತೆ ಬಿಳುಪೇರಿತ್ತು. ಎಷ್ಟೋ ದಂಪತಿಗಳನ್ನು ನಗಿಸಿದ ಆಟ ಅದು, ಈ ರೀತಿ ತಿರುಗಬಹುದೆಂದು ಅವರು ಎಣಿಸಿರಲಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಲು ಹೇಳಿದರು.

"ಈಗ ಇನ್ನೊಂದ್ಸಲ ಹೇಳಮ್ಮ," ಎಂದರು. "ಡೆಸ್, ಅವಳ ಕಡೆ ತಿರುಗಿ ಕೂತ್ಕೋ ಮಾರಾಯ."

ನನ್ನನ್ನು ಎಳೆದುಕೊಂಡು ಕೆಳಗಿಳಿದರು. ನಾವು ದೂರ ಹೋಗಿ ಉಪ್ಪುನೆಲದ ಕುರುಚಲು ಗಿಡಗಳ ನಡುವೆ, ನೋಡಲು ಏನೂ ಇಲ್ಲದ ಬಯಲನ್ನು ನೋಡುತ್ತ ನಿಂತೆವು. ನಾನೊಮ್ಮೆ ಹಿಂತಿರುಗಿದಾಗ ಡೆಸ್ ಹೆಂಡತಿಯ ಎರಡೂ ಕೈ ಹಿಡಿದುಕೊಂಡು, ಅವರಿಗೆ ತಮ್ಮ ತುಟಿ ಕಾಣುವಂತೆ, ಒಂದೊಂದೇ ಮಾತನ್ನು ಬಿಡಿಸಿ ಆಡುತ್ತಿದ್ದರು.

ಅಂಗಡಿಗೆ ನಲವತ್ತರ ವೇಗದಲ್ಲಿ ಮರಳಿದೆವು. ಡೆಸ್ ದಪ್ಪ ಗಟ್ಟೆಯ ಟೈರುಗಳತ್ತ ತಿರುಗಿಯೂ ನೋಡದೆ, ಸದ್ದು ಮಾಡದ್ದು ಯಾವುದೆಂದು ಕೇಳಿದರು.

"ನೋಡು, ಹೇಳ್ತೀನಿ," ಎಂದರು ಟ್ರೆಜೈಸರು. ಪೆಪ್ಪರ್‌ಮಿಂಟಿಗೆ ಕೈಹಾಕಲಿಲ್ಲ. ಗಟ್ಟೆಗಳು ಒತ್ತೊತ್ತಾಗಿದ್ದ, ಪಕ್ಕೆ ಗಟ್ಟಿಯಾಗಿದ್ದ, ಡಾಂಬರಿಗೂ ಜಲ್ಲಿಗೂ ಸಲ್ಲುವ ಒಂದು ಸಾಧಾರಣ ಟೈರನ್ನು ಉರುಳಿಸಿಕೊಂಡು ಬಂದರು. "ಸದ್ದೇ ಇಲ್ಲದ್ದು ಯಾವ್ದೂ ಇಲ್ಲ, ಕಡಿಮೆ ಇರೋದು ಇದು. ಕಲ್ಲುದಾರಿ ಬಂದಾಗ ಗಾಳಿ ಇಳಿಸಿ ನಿಧಾನಕ್ಕೆ ಹೋಗು, ಹರಿಯಲ್ಲ. ದೊಡ್ಡ ಮಳೆ ಬಂತೋ, ಕೆಸರಲ್ಲಿ ಸಿಕ್ಕಿಹಾಕ್ಕೊಳ್ತೀರಿ."

"ಸಿಕ್ಕಿಹಾಕ್ಕೊಂಡ್ರೆ?"

"ಕೂತು ಮಾತಾಡಿ."

ಕಸುಬುದಾರರಲ್ಲಿ ಇಂಥದೊಂದು ಕುಲವಿದೆ. ಮನುಷ್ಯರ ವಿಷಯವನ್ನು ನೇರವಾಗಿ ಆಡಲು ನಾಚುವ ಇವರು ರಬ್ಬರನ್ನೋ ಮರವನ್ನೋ ಬಟ್ಟೆಯನ್ನೋ ಮುಂದಿಟ್ಟುಕೊಂಡು ಜೀವಮಾನವೆಲ್ಲ ಅದರ ಗುಣದೋಷವನ್ನೇ ಮಾತಾಡುತ್ತಾರೆ, ಜಗಳವಾಡುತ್ತಾರೆ, ಗಿರಾಕಿಗಳನ್ನು ಕಳೆದುಕೊಳ್ಳುತ್ತಾರೆ. ನಾವು ಅವರನ್ನು ಹಟಮಾರಿಗಳೆಂದು ಆಡಿಕೊಳ್ಳುತ್ತೇವೆ. ಅವರ ಕೈಯಿಂದ ಏನನ್ನೋ ಕೊಂಡ ಯಾರೋ ಇಬ್ಬರು ಯಾವುದೋ ದೂರದ ದಾರಿಯಲ್ಲಿ ಹೋಗುತ್ತಿರುವಾಗ ಒಬ್ಬರು ಮೆಲ್ಲಗೆ ಏನೋ ಹೇಳುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರ ಕೊಡುತ್ತಾರೆ. ಆಗ ಅವರಿಬ್ಬರಿಗೂ ಅಂಗಡಿಯವನ ನೆನಪು ಬರುವುದಿಲ್ಲ. ಬರಲೆಂದು ಇಂಥವರು ಬಯಸುವುದೂ ಇಲ್ಲ.